ಖಾಲಿ ಮನೆಯ ಹಲ್ಲಿ

ಹೊಸ ಬಡಾವಣೆಯಲ್ಲಿ ಕಟ್ಟಿ ಮೂರು ವರ್ಷವಾದರೂ ಯಾರೂ ಕಾಲಿಟ್ಟು ಬಾಳದ ಮನೆಯೊಂದಿತ್ತು. ಗೋಡೆಯ ಮೇಲಿನ ಹಲ್ಲಿ, ಬಾಗಿಲ ಮೇಲಿನ ಬೀಗ, ಇಬ್ಬರೇ ಅಲ್ಲಿನ ನಿವಾಸಿಗಳು.

ಒಂದು ಬೆಳಿಗ್ಗೆ ದಲ್ಲಾಳಿ ಪಂಪಣ್ಣ ಮನೆ ತೋರಿಸಲು ನರ್ಸ್ ಪುಷ್ಪಲತಾಳನ್ನೂ ಅವಳ ಗಂಡನನ್ನೂ ಕರೆತಂದ. "ಸಂಜೆ ಇನ್ನೊಂದು ಪಾರ್ಟಿ ಬರ್ತಾ ಇದೆ ಮೇಡಂ. ನಾಳೆ ಈ ರೇಟಿಗೆ ಸಿಗಲ್ಲ" ಎಂದ.

ಹಲ್ಲಿಗೆ ಮೈ ಉರಿಯಿತು. ಆ ಸಂಜೆಯ ಪಾರ್ಟಿ ಮೂರು ವರ್ಷದಲ್ಲಿ ಒಂದು ಸಂಜೆಯೂ ಬಂದಿರಲಿಲ್ಲ. ಅದು ಸುಳ್ಳೆಂದು ಸಾರಲು ಜೋರಾಗಿ ಲೊಚಗುಟ್ಟಿತು.

ಪುಷ್ಪಲತಾ ಕೂಡಲೇ ಗೋಡೆಗೆ ಬೆರಳು ಕುಟ್ಟಿ, "ಕೃಷ್ಣ ಕೃಷ್ಣ. ನೋಡ್ರಿ, ಹಲ್ಲಿನೂ ನಿಜ ಅಂತಿದೆ" ಎಂದು ಗಂಡನಿಗೆ ಹೇಳಿದಳು.

"ಶಕುನದ ಮನೆ ಮೇಡಂ" ಎಂದು ಪಂಪಣ್ಣ ಅಲ್ಲೇ ಎರಡು ಲಕ್ಷ ಏರಿಸಿದ. ಅಷ್ಟು ಹೊಂದಿಸಲಾಗದೆ ಗಂಡ ಹೆಂಡತಿ ಅಡುಗೆಮನೆಯನ್ನು ಇನ್ನೊಮ್ಮೆ ನೋಡಿ ಹೊರಟುಹೋದರು.

"ನಾನು ಹೇಳಿದ್ದೇನು, ಇವರು ತಿಳಿದದ್ದೇನು" ಎಂದು ಹಲ್ಲಿ ಬೀಗದ ಮುಂದೆ ತಲೆ ಚಚ್ಚಿಕೊಂಡಿತು.

"ತಮಗೆ ಈ ಉಸಾಬರಿ ಯಾಕೆ? ನನ್ನ ಹಾಗೆ ಬಾಯಿ ಮುಚ್ಚಿಕೊಂಡಿರಿ" ಎಂದಿತು ಬೀಗ.

ಮಾರನೆಯ ದಿನ ಪಂಪಣ್ಣ ಒಬ್ಬ ಮೇಷ್ಟ್ರನ್ನು ಕರೆತಂದು ಅದೇ ಸಂಜೆಯ ಪಾರ್ಟಿಯ ಮಾತೆತ್ತಿದ. ಹಲ್ಲಿ ಟ್ಯೂಬ್‌ಲೈಟಿನ ಹಿಂದೆ ಸೇರಿಕೊಂಡು ಉಸಿರೆತ್ತಲಿಲ್ಲ.

ಪಂಪಣ್ಣ ನಾಲ್ಕೂ ಗೋಡೆಗಳ ಮೇಲೆ ಕಣ್ಣಾಡಿಸಿದ. "ಎಂಥ ಕ್ಲೀನ್ ಮನೆ ನೋಡಿ ಸಾರ್, ಹುಡುಕಿದರೂ ಒಂದು ಹಲ್ಲಿ ಸಿಗಲ್ಲ" ಎಂದು ಮತ್ತೆರಡು ಲಕ್ಷ ಏರಿಸಿದ.