ಹುಬ್ಬು ನೋಡಿ ಕಲಿತ ವಿದ್ಯೆ

ಹೊಳೆದಂಡೆಯ ಆಶ್ರಮದಲ್ಲಿ ಮುರಿಗೆಮ್ಮ ಹುಡುಗಿಯರಿಗೆ ಸೊಪ್ಪು, ಬೇರು, ಅಣಬೆಗಳ ಗುರುತು ಕಲಿಸುತ್ತಿದ್ದರು. ಕೇಳಿದ್ದಕ್ಕೆಲ್ಲ ಸರಿಯುತ್ತರ ಕೊಡುವವಳು ಹೊನ್ನಿ ಒಬ್ಬಳೇ.

ಅವಳ ಗುಟ್ಟು ಇಷ್ಟೇ. ಬಾಯಲ್ಲಿ ಒಂದು ಹೆಸರು ಶುರು ಮಾಡುವಳು, ಕಣ್ಣು ಗುರುವಿನ ಹುಬ್ಬಿನ ಮೇಲೆ. ಹುಬ್ಬು ಏರಿತೋ, ಹೆಸರು ಬದಲು. ಗಿಡವನ್ನು ನೋಡುವ ಕಷ್ಟ ಯಾರಿಗೆ ಬೇಕು?

ಮೊದಲ ಮಳೆ ಬಿದ್ದ ಮರುದಿನ ಮುರಿಗೆಮ್ಮ ಅವಳನ್ನು ಕರೆದರು.

"ಅಣಬೆ ಎದ್ದಿರುತ್ತವೆ. ನಮ್ಮಿಬ್ಬರ ಸಾರಿಗೆ ಆರಿಸಿಕೊಂಡು ಬಾ. ಒಬ್ಬಳೇ ಹೋಗು."

ಹೊನ್ನಿ ಹುತ್ತದ ಸುತ್ತ ಎದ್ದಿದ್ದನ್ನೆಲ್ಲ, ಕೈಗೆ ಮಣ್ಣಂಟದಂತೆ ಕುತ್ತಿಗೆಯಲ್ಲೇ ಚಿವುಟಿ, ಬುಟ್ಟಿ ತುಂಬಿಕೊಂಡು ಬಂದಳು.

"ಅಮ್ಮಾ, ಇವೆಲ್ಲ ತಿನ್ನುವ ಅಣಬೆ..." ಎಂದು ರಾಗ ಎಳೆದಳು.

ಮುರಿಗೆಮ್ಮ ಹೊಳೆಯ ಕಡೆ ಮುಖ ಮಾಡಿ ಕೂತಿದ್ದರು. ತಿರುಗಲಿಲ್ಲ.

"ಹೌದಾದರೆ ಬೇಯಿಸು."

"ಒಂದ್ಸಲ ನೋಡಿ, ಅಮ್ಮಾ."

"ನೀನು ನೋಡಿದ್ದೀಯಲ್ಲ."

ಸಾರು ಕುದಿಯಿತು. ಮುರಿಗೆಮ್ಮ ಬಂದು ತಾವೇ ಬಡಿಸಿಕೊಂಡರು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿದರು.

"ಅಮ್ಮಾ, ಸರಿ ಇದೆಯಾ ಹೇಳಿ!"

"ಬೆಂದ ಮೇಲೆ ನನಗೂ ಗೊತ್ತಾಗಲ್ಲ ಕಣೇ."

ತುತ್ತು ತುಟಿಯ ಹತ್ತಿರ ಬಂತು. ಹೊನ್ನಿ ಚೀರಿ ಅವರ ಕೈಗೆ ಹೊಡೆದಳು. ಗಡಿಗೆಯನ್ನೂ ಉರುಳಿಸಿಬಿಟ್ಟಳು.

"ನನಗೆ ಗೊತ್ತಿಲ್ಲ ಅಮ್ಮಾ! ನನಗೇನೂ ಗೊತ್ತಿಲ್ಲ! ನಿಮ್ಮ ಹುಬ್ಬು ನೋಡಿ ಹೇಳುತ್ತಿದ್ದೆ."

"ಅದಕ್ಕೇ ನನ್ನ ಹುಬ್ಬು ಇಷ್ಟು ಬೇಗ ಸವೆದುಹೋಯಿತು," ಎಂದರು ಮುರಿಗೆಮ್ಮ. "ಹಸಿವಾಗಿದೆ. ಮತ್ತೆ ಹೋಗಿ ಬಾ."

ಹುತ್ತದ ಬಳಿ ಅವಳು ಚಿವುಟಿದ್ದ ಅಣಬೆಗಳ ಬುಡ ಮಣ್ಣಲ್ಲೇ ಇತ್ತು. ಮಂಡಿಯೂರಿ ಒಂದೊಂದನ್ನೇ ಕಡ್ಡಿಯಿಂದ ಕೆದಕಿದಳು. ಹೆಚ್ಚಿನವುಗಳ ಉದ್ದನೆಯ ಬೇರು ಹುತ್ತದ ಆಳಕ್ಕೆ ಇಳಿದಿತ್ತು. ಆದರೆ ಪಕ್ಕದ ಒಂದಕ್ಕೆ ಬೇರೇ ಇಲ್ಲ. ಒಡೆದ ಮೊಟ್ಟೆಯ ಚಿಪ್ಪಿನಂಥ ಬಿಳಿ ಬಟ್ಟಲಲ್ಲಿ ಅದರ ಬುಡ ಕೂತಿತ್ತು.

ಹುತ್ತಕ್ಕೆ ಬೇರು ಇಳಿಸಿದ್ದು ತಿನ್ನುವಂಥದ್ದು, ಇಂಥದ್ದು ಪ್ರಾಣ ತೆಗೆಯುತ್ತದೆಂದು ಮುರಿಗೆಮ್ಮ ಹೇಳಿಕೊಟ್ಟಿದ್ದರು. ಕಿವಿಗೆ ಬಿದ್ದಿತ್ತು. ಆಗ ಕಣ್ಣು ಮಾತ್ರ ಹುಬ್ಬಿನ ಮೇಲಿತ್ತು.

ಅದರ ತಲೆಯನ್ನು ಅವಳೇ ಬೇಯಿಸಿದ್ದಳು.

ಬೇರೆ ಹುತ್ತಗಳ ಸುತ್ತ ಹುಡುಕಿ, ಹೊತ್ತು ಇಳಿಯುವಾಗ ಅವಳು ತಂದದ್ದು ಒಂದು ಹಿಡಿ. ಎಲ್ಲಕ್ಕೂ ಬೇರು, ಬೇರಿಗೆ ಮಣ್ಣು. ಉಗುರಲ್ಲೂ ಮಣ್ಣು. ಒಂದೊಂದನ್ನೂ ತಿರುಗಿಸಿ ನೋಡಿ, ಬೇರೆ ಗಡಿಗೆಯಲ್ಲಿ ಬೇಯಿಸಿದಳು. ಗುರುವಿನ ಮುಖ ನೋಡಲು ಪುರುಸೊತ್ತಾಗಲಿಲ್ಲ.

"ಅಮ್ಮಾ, ಆಗ ನಿಜವಾಗಿಯೂ ತಿಂದುಬಿಡುತ್ತಿದ್ದಿರಾ?"

ಮುರಿಗೆಮ್ಮ ಊಟದ ಎಲೆ ಹಾಕಿಕೊಂಡು ಕೂತರು.

"ಸೌಟು ಯಾಕೆ ನಡುಗುತ್ತಿದೆ?"

"ಭಯ ಆಗುತ್ತಿದೆ, ಅಮ್ಮಾ."

"ಮೊದಲ ಸಲ ಆರಿಸುವಾಗ ಅದು ಇರಲಿಲ್ಲ. ಈಗ ಬಡಿಸು."