ಗಾಳಿಗೆ ದಾರಿ ಬಿಟ್ಟ ಅಂಗುಳ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಯಾವ ಕಡೆ ಹರಿಯಬೇಕು ಎಂದು ಹೊಳೆಗಳೇ ಪೂರ್ತಿ ತೀರ್ಮಾನ ಮಾಡಿರಲಿಲ್ಲ. ಗಾಳಿ, ಗಿಡ, ಹೊಳೆ, ಮನುಷ್ಯರು ಎಲ್ಲರೂ ಒಂದೇ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಮಾತು ಜಾಸ್ತಿ, ಕೆಲಸ ಕಮ್ಮಿ. ಈಗಲೂ ಅಂಥ ವ್ಯತ್ಯಾಸವೇನಿಲ್ಲ ಬಿಡಿ.

ಆಗಿನ ಮನುಷ್ಯರ ಬಾಯಿ ಅಗಲವಾಗಿತ್ತು. ಹಸಿ ಗೆಣಸು, ಒಣ ಕಾಳು, ನಾರಿನ ಕಾಂಡ, ಸಿಕ್ಕಿದ್ದನ್ನೆಲ್ಲ ಅಗಿಯುತ್ತಿದ್ದರು. ಅಗಿದಷ್ಟೂ ಮಕ್ಕಳ ದವಡೆ ಬೆಳೆಯುತ್ತಿತ್ತು. ಹಲ್ಲುಗಳು ಒಂದರ ಕಾಲು ಒಂದು ತುಳಿಯದೆ ಸಾಲಾಗಿ ಕೂರುತ್ತಿದ್ದವು. ನಾಲಿಗೆ ಮೇಲಕ್ಕೆ, ಅಂಗುಳಕ್ಕೆ ಒರಗಿ ಮಲಗುತ್ತಿತ್ತು. ಅಂಗುಳ ಅಂದರೆ ಬಾಯಿಗೆ ಚಾವಣಿ, ಮೂಗಿಗೆ ನೆಲ. ಚಾವಣಿ ಅಗಲವಿದ್ದರೆ ನೆಲವೂ ಅಗಲ. ಹಾಗಾಗಿ ಗಾಳಿ ಮೂಗಿನ ದಾರಿಯಲ್ಲಿ ಆರಾಮಾಗಿ ಹೋಗಿಬರುತ್ತಿತ್ತು.

ಆಮೇಲೆ ಬೆಂಕಿ ಬಂತು. ಬೆಂಕಿಯ ಹಿಂದೆ ಮಡಕೆ ಬಂತು. ಮಡಕೆಯ ಹಿಂದೆ ಗಂಜಿ ಬಂತು.

ಗಂಜಿ ಕೆಟ್ಟದ್ದಲ್ಲ, ನನಗೂ ಇಷ್ಟ. ಆದರೆ ಹೊಳೆ ದಂಡೆಯ ಒಂದು ಹಟ್ಟಿಯವರಿಗೆ ಅದೇ ಪ್ರೀತಿಯ ಅಳತೆಯಾಗಿಬಿಟ್ಟಿತು. ಮಗು ಏನಾದರೂ ಅಗಿಯುತ್ತಿದೆ ಎಂದರೆ ಅದಕ್ಕೆ ಹೇಳುವವರು ಕೇಳುವವರು ಇಲ್ಲ ಎಂದೇ ಅರ್ಥ. ಸಂಜೆ ಹೆಂಗಸರು ಸೌಟು ಎತ್ತಿ ಹಿಡಿದು, ಯಾರ ಮನೆಯ ಗಂಜಿ ನೂಲಿನ ಹಾಗೆ ಇಳಿಯುತ್ತದೆ ಎಂದು ತೋರಿಸಿಕೊಳ್ಳುತ್ತಿದ್ದರು. ಗಂಜಿಯಲ್ಲಿ ಒಂದು ಕಾಳು ಸಿಕ್ಕರೆ ಆ ಮನೆಯ ಮರ್ಯಾದೆ ಹೋದಂತೆ.

ಆ ಹಟ್ಟಿಯವರು ಮಕ್ಕಳಿಗೆ ಧಾನ್ಯಗಳ ಹೆಸರಿಡುತ್ತಿದ್ದರು. ಹಾರಕ ಎಂಬ ಅಜ್ಜಿ ಇದ್ದಳು. ಅವಳ ಮಗಳು ನವಣೆ, ನವಣೆಯ ಮಗಳು ಸಾಮೆ. ಗಂಜಿ ಕುಡಿದೇ ಬೆಳೆದ ಮೊದಲ ಮಗು ಹಾರಕಜ್ಜಿಯೇ. ಈಗ ಅವಳ ಕೈಯ ಗಂಜಿ ಹಟ್ಟಿಗೆಲ್ಲ ಹೆಸರುವಾಸಿ. ಬೇಯಿಸಿ, ಅರೆದು, ನಾರಿನ ಬಲೆಯಲ್ಲಿ ಸೋಸಿ ಮೊಮ್ಮಗಳಿಗೆ ಕುಡಿಸುತ್ತಿದ್ದಳು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸಾದರೂ ಸಾಮೆಗೆ ಅಗಿಯುವುದೆಂದರೆ ಏನೆಂದೇ ಗೊತ್ತಿರಲಿಲ್ಲ.

ಕೆಲಸವಿಲ್ಲದ ದವಡೆ ಬೆಳೆಯಲಿಲ್ಲ. ಹೊಸ ಹಲ್ಲುಗಳು ಬಂದು ಜಾಗ ಕೇಳಿದವು. ಜಾಗ ಎಲ್ಲಿದೆ? ಒಂದು ಇನ್ನೊಂದರ ಬೆನ್ನಿಗೆ ನಿಂತಿತು, ಮತ್ತೊಂದು ಅಡ್ಡ ತಿರುಗಿತು, ಕೋರೆಹಲ್ಲು ಮೇಲೆ ಹತ್ತಿ ಕೂತಿತು. ನಾಲಿಗೆಗೂ ಇಕ್ಕಟ್ಟಾಗಿ ಅದು ಕೆಳಗೆ ಬಿದ್ದುಕೊಂಡಿತು. ನಾಲಿಗೆಯ ಆಸರೆ ತಪ್ಪಿದ ಅಂಗುಳ ಕಿರಿದಾಗಿ ಮೇಲಕ್ಕೆದ್ದಿತು. ಅದರ ಜೊತೆಗೆ ಮೂಗಿನ ನೆಲವೂ ಕಿರಿದಾಯಿತು. ಸಾಮೆ ಬಾಯಿ ತೆರೆದೇ ಉಸಿರಾಡತೊಡಗಿದಳು. ಬಾಯಿ ತೆರೆದಷ್ಟೂ ನಾಲಿಗೆ ಮತ್ತಷ್ಟು ಕೆಳಗಿಳಿಯಿತು.

ಮಲಗಿದರೆ ಗೊರಗೊರ ಸದ್ದು. ಹಾರಕಜ್ಜಿಗೂ ಗೊರಕೆ ಇದ್ದದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಥೇಟ್ ಅಜ್ಜಿಯ ಹಾಗೇ ಎಂದು ಹೆಮ್ಮೆ ಬೇರೆ ಪಟ್ಟರು. ಆದರೆ ರಾತ್ರಿಯೆಲ್ಲ ಮಲಗಿದರೂ ಸಾಮೆಗೆ ನಿದ್ದೆ ಆಗುತ್ತಿರಲಿಲ್ಲ. ತೆನೆ ಕಾಯಲು ಅಟ್ಟಣೆ ಹತ್ತಿಸಿದರೆ ಕೂತಲ್ಲೇ ತೂಕಡಿಸುತ್ತಿದ್ದಳು. ಗಿಳಿಗಳು ಅವಳ ಕಣ್ಣೆದುರೇ ತೆನೆ ತಿಂದುಹೋಗುತ್ತಿದ್ದವು. ಹಟ್ಟಿಯವರು ಅವಳನ್ನು ಸೋಮಾರಿ ಎಂದರು. ಉಸಿರಿಗಾಗಿ ರಾತ್ರಿಯೆಲ್ಲ ಗುದ್ದಾಡಿದ ಮಗುವನ್ನು ಸೋಮಾರಿ ಎನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಒಂದು ಮಧ್ಯಾಹ್ನ ಸಾಮೆ ಹೊಂಗೆಮರದ ಕೆಳಗೆ ಅಂಗಾತ ಮಲಗಿದ್ದಳು. ಪಕ್ಕದಲ್ಲಿ ನವಣೆ ಕಾಳು ಕೇರುತ್ತಿದ್ದಳು. ಇದ್ದಕ್ಕಿದ್ದಂತೆ ಗೊರಕೆ ನಿಂತಿತು. ನವಣೆ ತಿರುಗಿ ನೋಡಿದರೆ ಮಗಳ ಎದೆ ಎದ್ದೆದ್ದು ಬೀಳುತ್ತಿದೆ, ಉಸಿರು ಮಾತ್ರ ಇಲ್ಲ. ತುಟಿ ನೀಲಿಯಾಗಿದೆ. ಮೊರ ಬಿಸಾಕಿ ಮಗಳನ್ನು ಹಿಡಿದು ಅಲುಗಾಡಿಸಿದಳು. ಸಾಮೆ ದೊಡ್ಡದಾಗಿ ಉಸಿರೆಳೆದುಕೊಂಡು ಎದ್ದು ಕೂತಳು.

ನವಣೆ ಗಾಳಿಯ ಮೇಲೆ ಜಗಳಕ್ಕೆ ಹೋದಳು. "ಕತ್ತೆಗೂ ನಾಯಿಗೂ ಉಸಿರು ಕೊಡ್ತೀಯ. ನನ್ನ ಮಗಳ ಹತ್ತಿರ ಮಾತ್ರ ಯಾಕೆ ಬರಲ್ಲ?"

"ಪ್ರತಿ ಸಲ ಬರ್ತೀನಿ ಕಣವ್ವ," ಎಂದಿತು ಗಾಳಿ. "ಮೂಗಲ್ಲಿ ತೂರಕ್ಕೆ ಜಾಗ ಇಲ್ಲ. ಬಾಯಿಂದ ಹೋದರೆ ನಾಲಿಗೆ ಗಂಟಲಿಗೆ ಅಡ್ಡ ಬಿದ್ದಿರುತ್ತೆ. ನೂಕಿಕೊಂಡು ಹೋಗ್ತೀನಲ್ಲ, ಅದೇ ಆ ಸದ್ದು. ಒಂದೊಂದು ಸಲ ನೂಕಿದರೂ ಆಗಲ್ಲ."

ನವಣೆ ನಾಲಿಗೆಯನ್ನು ಕೇಳಿದಳು. ಮನೆಯೇ ಚಿಕ್ಕದಾದರೆ ನಾನೆಲ್ಲಿ ಮಲಗಲಿ ಎಂದು ಅದು ಗೊಣಗಿತು. ಹಲ್ಲುಗಳನ್ನು ಕೇಳಿದಳು. ಅವು ದವಡೆಯ ಕಡೆ ಬೆರಳು ತೋರಿಸಿದವು. ದವಡೆ ಮಾತ್ರ ನಾಚಿಕೊಂಡು, ತನ್ನನ್ನು ಯಾರೂ ಕೆಲಸಕ್ಕೆ ಕರೆಯಲೇ ಇಲ್ಲ ಎಂದಿತು.

ಹಾಗಾದರೆ ಮನೆಯನ್ನೇ ಅಗಲ ಮಾಡಬೇಕು. ನವಣೆ ಹೊಳೆಯ ಹತ್ತಿರ ಹೋದಳು. ಒಂದೇ ಪ್ರವಾಹದಲ್ಲಿ ಮಾಡಿಕೊಡುತ್ತೇನೆ ಎಂದ ಹೊಳೆ, ತಾನು ಒಡೆದುಹಾಕಿದ ಬಂಡೆಗಳನ್ನು ಜಂಬದಿಂದ ತೋರಿಸಿತು. ಚೂರುಚೂರಾದ ಆ ಕಲ್ಲುಗಳನ್ನು ನೋಡಿ ನವಣೆ ಹಿಂದಕ್ಕೆ ಸರಿದಳು.

ದಂಡೆಯಲ್ಲಿ ಒಂದು ಅರಳಿಮರವಿತ್ತು. ಅದರ ಬೇರು ಬಂಡೆಯ ಸೀಳಿನೊಳಗೆ ಇಳಿದು, ಬಂಡೆಯನ್ನು ಎರಡು ಪಕ್ಕಕ್ಕೆ ಸರಿಸಿತ್ತು. ಎಲ್ಲೂ ಒಂದು ಚೂರು ಸಿಡಿದಿರಲಿಲ್ಲ. ನವಣೆ ಅದರ ಮುಂದೆ ಕೂತು ಎಲ್ಲ ಹೇಳಿಕೊಂಡು ಅತ್ತಳು.

"ನಾನು ಬಲ ಹಾಕಲ್ಲ," ಎಂದಿತು ಬೇರು. "ದಿನಾ ಒಂಚೂರು ದಪ್ಪ ಆಗ್ತೀನಿ, ಅಷ್ಟೇ. ಮಕ್ಕಳ ಅಂಗುಳದ ನಡುವೆ ಒಂದು ಹಸಿ ಸೀಳು ಇರುತ್ತೆ. ದೊಡ್ಡವರಾದ ಮೇಲೆ ಅದು ಬೆಸೆದುಕೊಳ್ಳುತ್ತೆ. ಅಷ್ಟರೊಳಗೆ ಶುರು ಮಾಡು. ಆದರೆ ಅವಸರ ಮಾಡಬೇಡ."

ನವಣೆ ಹಸಿ ಬಿದಿರಿನ ಒಂದು ಸೀಳು ತಂದು, ನುಣ್ಣಗೆ ಹೆರೆದು, ಬಿಲ್ಲಿನ ಹಾಗೆ ಬಗ್ಗಿಸಿ, ಸಾಮೆಯ ಮೇಲಿನ ಹಲ್ಲುಗಳ ಒಳಗಡೆ ಕೂರಿಸಿದಳು. ಬಿದಿರು ನೆಟ್ಟಗಾಗಲು ನೋಡುತ್ತಿತ್ತು. ಎರಡೂ ಪಕ್ಕಕ್ಕೆ ಮೆಲ್ಲಗೆ ಒತ್ತುತ್ತಿತ್ತು. ಸ್ವಲ್ಪ ಜಾಗವಾದ ಮೇಲೆ ಇನ್ನೂ ಸ್ವಲ್ಪ ಉದ್ದದ ಸೀಳು. ಸಾಮೆಗೆ ಜೊಲ್ಲು ಸುರಿಯಿತು, ಮಾತು ತೊದಲಿತು, ವಸಡು ನೋಯಿತು. ಹಟ್ಟಿಯ ಹುಡುಗರು ಅವಳನ್ನು ಬಿದಿರುಬಾಯಿ ಎಂದು ರೇಗಿಸಿದರು.

ಹಾರಕಜ್ಜಿಗೆ ಇದನ್ನು ನೋಡಲಾಗಲಿಲ್ಲ. ನವಣೆ ಹೊಲಕ್ಕೆ ಹೋದಾಗ ಬಿದಿರನ್ನು ತೆಗೆದು ಒಲೆಗೆ ಹಾಕಿ, ಮೊಮ್ಮಗಳಿಗೆ ಹೊಟ್ಟೆ ತುಂಬ ಗಂಜಿ ಕುಡಿಸಿದಳು. ನವಣೆ ಮತ್ತೆ ಮಾಡಿ ಹಾಕಿದಳು. ಅಜ್ಜಿ ಮತ್ತೆ ತೆಗೆದಳು. ತೆಗೆದಾಗಲೆಲ್ಲ ಹಲ್ಲುಗಳು ಹಳೆಯ ಜಾಗಕ್ಕೆ ತೆವಳಿಕೊಂಡು ಬಂದವು. ಹಲ್ಲುಗಳಿಗೆ ಹಳೆಯ ಜಾಗದ ಮೇಲೆ ಆಸೆ ಜಾಸ್ತಿ.

ಕೊನೆಗೆ ನವಣೆ ಜಗಳ ಆಡಲಿಲ್ಲ. ಅವ್ವನ ಕೈ ಹಿಡಿದು ಕರೆತಂದು, ಮಲಗಿದ್ದ ಸಾಮೆಯ ಪಕ್ಕದಲ್ಲಿ ಕೂರಿಸಿದಳು. ಮೊಮ್ಮಗಳ ನಿದ್ದೆಯನ್ನು ಅಜ್ಜಿ ಯಾವತ್ತೂ ಕೇಳಿಸಿಕೊಂಡಿರಲಿಲ್ಲ. ಅಷ್ಟು ಹೊತ್ತಿಗೆ ಅವಳದೇ ಗೊರಕೆ ಶುರುವಾಗಿರುತ್ತಿತ್ತು. ಈಗ ಕೇಳಿದಳು. ಗೊರಗೊರ ಸದ್ದು ಬಂತು, ಆಮೇಲೆ ಪೂರ್ತಿ ನಿಂತೇಹೋಯಿತು. ಮಗುವಿನ ಎದೆ ಮಾತ್ರ ಎದ್ದೆದ್ದು ಬೀಳುತ್ತಿತ್ತು. ಅಜ್ಜಿ ಕಿರುಚಿಕೊಂಡು ಸಾಮೆಯನ್ನು ಬಾಚಿ ಎತ್ತಿಕೊಂಡಳು.

ಉಸಿರು ಮರಳಿದ ಮೇಲೂ ಅವಳು ಮಗುವನ್ನು ಕೆಳಗಿಳಿಸಲಿಲ್ಲ. "ನನ್ನ ಪ್ರೀತಿನೇ ಇವಳ ಉಸಿರು ಕಟ್ಟಿಸಿತೇನೆ?" ಎಂದು ಕೇಳಿದಳು.

"ಪ್ರೀತಿ ಅಲ್ಲವ್ವ," ಎಂದಳು ನವಣೆ. "ಅದನ್ನ ಸೋಸಿದ್ದು ಜಾಸ್ತಿ ಆಯ್ತು."

ಮಾರನೆಯ ದಿನ ಅಜ್ಜಿ ಸೋಸುವ ಬಲೆಯನ್ನು ಮೀನು ಹಿಡಿಯುವವರಿಗೆ ಕೊಟ್ಟುಬಿಟ್ಟಳು. ತಾನೇ ಹೋಗಿ ಬಿದಿರು ಕಡಿದು ತಂದಳು. ಗಟ್ಟಿ ರೊಟ್ಟಿ, ಕಬ್ಬಿನ ತುಂಡು, ಹುರಿದ ಕಾಳು, ಕೊಬ್ಬರಿ ಎಂದು ಒಂದೊಂದನ್ನೇ ಮೊಮ್ಮಗಳಿಗೆ ಕೊಟ್ಟಳು. ಎದುರು ಕೂತು, ಬಾಯಿ ಮುಚ್ಚಿ ಅಗಿ ಎಂದು ಕಾಟ ಕೊಟ್ಟಳು. ಹಟ್ಟಿಯ ಹೆಂಗಸರು ಆಡಿಕೊಂಡರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಳೆಗಾಲ ಬಂತು, ಹೋಯಿತು, ಮತ್ತೆ ಬಂತು. ಸಾಮೆಯ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಿತ್ತು. ಅಜ್ಜಿಗೆ ಗಾಬರಿಯಾಯಿತು. ಅದು ಅಂಗುಳ ಅಗಲವಾದ ಗುರುತು ಎಂದು ಬೇರು ಹೇಳಿತು. ನಿಧಾನವಾಗಿ ಸಂದು ಮುಚ್ಚಿತು, ಹಲ್ಲುಗಳು ಸಾಲಿಗೆ ಬಂದವು. ಒಂದು ಕೋರೆಹಲ್ಲು ಮಾತ್ರ ಕೊನೆಗೂ ಸ್ವಲ್ಪ ಸೊಟ್ಟಗೇ ಉಳಿಯಿತು, ಇರಲಿ. ನಾಲಿಗೆ ಮತ್ತೆ ಮೇಲಕ್ಕೆ ಒರಗಿತು. ಹಲ್ಲುಗಳು ಹಿಂದಕ್ಕೆ ಓಡದ ಹಾಗೆ ಸಾಮೆ ಮಲಗುವಾಗ ಇನ್ನೂ ಬಹಳ ಕಾಲ ಬಿದಿರು ಹಾಕಿಕೊಂಡಳು.

ಅಜ್ಜಿ ತನಗೂ ಒಂದು ಬಿದಿರು ಕೇಳಿದಳು. ಅವಳ ಅಂಗುಳ ಎಂದೋ ಬೆಸೆದುಕೊಂಡಿದೆ, ಬಿದಿರಿಗೆ ಅದು ಬಗ್ಗುವುದಿಲ್ಲ, ಮಗ್ಗುಲಾಗಿ ಮಲಗಿದರೆ ಸ್ವಲ್ಪ ವಾಸಿ ಎಂದು ಬೇರು ಇದ್ದದ್ದನ್ನು ಇದ್ದ ಹಾಗೆ ಹೇಳಿತು. ದೊಡ್ಡವರ ಗೊರಕೆ ಲೋಕದಲ್ಲಿ ಉಳಿದುಕೊಂಡದ್ದು ಹೀಗೆ.

ಒಂದು ಮಧ್ಯಾಹ್ನ ಹಾರಕಜ್ಜಿ ಕಾಳು ಕುಟ್ಟುತ್ತಿದ್ದಳು. ಸಾಮೆ ಒಳಗೆ ಮಲಗಿದ್ದಳು. ಎಷ್ಟು ಹೊತ್ತಾದರೂ ಒಳಗಿಂದ ಸದ್ದೇ ಬರಲಿಲ್ಲ. ಮಗು ಸದ್ದು ಮಾಡುತ್ತಿಲ್ಲ ಎಂದರೆ ಉಸಿರು ನಿಂತಿದೆ ಎಂದೇ ಅಜ್ಜಿಗೆ ಗೊತ್ತಿದ್ದದ್ದು. ಒನಕೆ ಬಿಟ್ಟು ಓಡಿದಳು. ಸಾಮೆ ಬಾಯಿ ಮುಚ್ಚಿಕೊಂಡು ಮಲಗಿದ್ದಳು. ಅಜ್ಜಿ ಬಗ್ಗಿ ಅವಳ ಮೂಗಿನ ಕೆಳಗೆ ಬೆರಳು ಹಿಡಿದಳು. ಬೆಚ್ಚಗಿನ ಗಾಳಿ ಬೆರಳಿಗೆ ತಾಗಿ ಹೊರಗೆ ಬಂತು, ತಣ್ಣಗೆ ಒಳಗೆ ಹೋಯಿತು, ಮತ್ತೆ ಬೆಚ್ಚಗೆ ಬಂತು. ದಾರಿ ಸಿಕ್ಕ ಗಾಳಿಗೆ ಸದ್ದು ಮಾಡುವ ಅಗತ್ಯವೇ ಇರಲಿಲ್ಲ.

ಸಾಮೆ ಅರ್ಧ ಕಣ್ಣು ತೆರೆದು, "ಬೆರಳು ತೆಗಿ ಅಜ್ಜಿ, ನಿದ್ದೆ ಬರ್ತಿದೆ," ಎಂದು ಮಗ್ಗುಲು ಬದಲಿಸಿದಳು. ಅಜ್ಜಿ ಅಲ್ಲೇ ಕೂತು ಸಂತೋಷಕ್ಕೆ ಅತ್ತಳು.

ಈಗ ಹಲ್ಲಿನ ಡಾಕ್ಟರು ಬಿದಿರಿನ ಬದಲು ತಂತಿ ಹಾಕುತ್ತಾರೆ, ಮಕ್ಕಳು ಅದನ್ನು ಕ್ಲಿಪ್ಪು ಎನ್ನುತ್ತಾರೆ. ಆದರೆ ಮಗು ಸದ್ದಿಲ್ಲದೆ ನಿದ್ದೆ ಮಾಡುತ್ತಿದ್ದರೆ, ಮನೆಯಲ್ಲಿ ಯಾರಾದರೊಬ್ಬ ಹಿರಿಯರು ಮಾಡುತ್ತಿದ್ದ ಕೆಲಸ ಬಿಟ್ಟು ಬಂದು, ಇವತ್ತಿಗೂ ಅದರ ಮೂಗಿನ ಕೆಳಗೆ ಬೆರಳು ಹಿಡಿದು ನೋಡುತ್ತಾರೆ.