ಪಿಯಾನೋ ಕರುಣಮ್ಮನ ಮಗ

ಮೈಸೂರಲ್ಲಿ ಪಿಯಾನೋ ಕರುಣಮ್ಮ ಅಂತ ಒಬ್ಬಳಿದ್ದಳು. ಯಾರ ಮನೆಯ ಹಳೇ ಪಿಯಾನೋ ಕೆಟ್ಟರೂ ಅವಳೇ ಬೇಕು. ವಯಸ್ಸಾಯಿತು, ಬೆರಳು ಮಡಚದಂತಾದವು. ಇನ್ನು ಕಸುಬು ಉಳಿಯಬೇಕಾದರೆ ಮಗ ಸತ್ಯಮಿತ್ರನ ಕೈಯಲ್ಲೇ ಉಳಿಯಬೇಕು. ಮಗನಿಗೆ ಮೂವತ್ತು ತುಂಬಿತ್ತು, ಬುದ್ಧಿ ಮಾತ್ರ ತುಂಬಿರಲಿಲ್ಲ.

“ಟೀಚರಮ್ಮನ ಮನೆಗೆ ಹೋಗು. ಪಿಯಾನೋ ಕೀಗಳನ್ನೆಲ್ಲ ಬಿಚ್ಚಿ, ಧೂಳು ಒರೆಸಿ, ವಾಪಸ್ ಹಾಕು,” ಅಂದಳು.

ಹೋದ. ಬಿಚ್ಚಿದ. ಬುಟ್ಟಿಗೆ ಸುರಿದು ಒರೆಸಿದ. ಕೈಗೆ ಸಿಕ್ಕಿದ್ದನ್ನು ಸಿಕ್ಕಲ್ಲಿ ಹಾಕಿದ. ಕೂರದ್ದನ್ನು ಗುದ್ದಿ ಕೂರಿಸಿದ.

“ಅಯ್ಯೋ ಪೆದ್ದೇ! ಏನು ಬಿಚ್ಚಿದರೂ ಮೊದಲು ಅದರ ಮೇಲೆ ನಂಬರ್ ಬರೀಬೇಕು ಕಣೋ!”

“ಆಗಲಮ್ಮ. ಇನ್ಮೇಲೆ ಬರೀತೀನಿ.”

ಮುಂದಿನ ವಾರ ಡಾಕ್ಟರ ಮನೆ. ಬೀಟೆ ಮರದ ಪಿಯಾನೋ. ಮುಚ್ಚಳ ಬಿಚ್ಚಬೇಕಲ್ಲ! ಮೊಳೆ ತಗೊಂಡು ಅದರ ಮೇಲೆ ಅಂಗೈಯಗಲ ‘೧’ ಅಂತ ಕೆತ್ತಿದ.

“ಅಯ್ಯೋ ಪಾಪಿ! ನೂರು ವರ್ಷದ ಮರ ಅದು! ಹಳೇ ಮರ ಕಂಡರೆ ಮೆತ್ತನೆ ಬಟ್ಟೇಲಿ ಎಣ್ಣೆ ಹಚ್ಚಿ ನೀವಬೇಕು ಕಣೋ!”

“ಆಗಲಮ್ಮ. ಇನ್ಮೇಲೆ ಹಚ್ತೀನಿ.”

ಆಮೇಲೆ ವಕೀಲರ ಮನೆ. ಪಿಯಾನೋ ಒಳಗೆ ಹಣಕಿದ. ತಂತಿ ಬಿಗಿಯುವ ಬಿರಡೆಗಳನ್ನು ನೆಟ್ಟ ಹಲಗೆ ಕಂಡಿತು. ಎಷ್ಟು ಹಳೇ ಮರ! ಸೀಸೆ ಖಾಲಿಯಾಗುವ ತನಕ ನೀವಿದ. ಬಿರಡೆ ನಿಲ್ಲುವುದೇ ಒಣಮರದ ಹಿಡಿತದಿಂದ. ಎಣ್ಣೆ ಕುಡಿದ ಹಲಗೆ ಹಿಡಿತ ಬಿಟ್ಟಿತು. ಬಿರಡೆಗಳು ಜಾರಿ, ತಂತಿಗಳೆಲ್ಲ ಜೋತುಬಿದ್ದವು.

“ಅಯ್ಯೋ ನನ್ನ ದೇವರೇ! ಸಡಿಲ ಬಿಡಬಾರದು ಕಣೋ! ಕಿವಿಗೊಟ್ಟು ಕೇಳು. ಯಾವುದರ ಸ್ವರ ಇಳಿದಿದೆಯೋ ಅದನ್ನ ಹಿಡಿದು ತಿರುಪು. ಸ್ವರ ಏರೋ ತನಕ ಬಿಡಬೇಡ!”

“ಆಗಲಮ್ಮ. ಇನ್ಮೇಲೆ ಬಿಡಲ್ಲ.”

ಉಳಿದದ್ದು ಚರ್ಚಿನ ಪಿಯಾನೋ ಒಂದೇ. ಅದೂ ಕೈತಪ್ಪಿದರೆ ಕಸುಬಿಗೆ ಬೀಗ. ಈ ಸಲ ಕರುಣಮ್ಮ ತಾನೇ ಜೊತೆಗೆ ಹೋಗಿ ಕೂತಳು. ಅವಳು ಕೇಳಿ ಹೇಳಿದಳು, ಅವನು ಬಿರಡೆ ತಿರುಪಿದ. ಸಂಜೆಗೆ ಪಿಯಾನೋ ಎಷ್ಟು ಇಂಪಾಗಿ ನುಡಿಯಿತೆಂದರೆ ಅವಳ ಕಣ್ಣು ತುಂಬಿತು. ಇದನ್ನು ಮಾಡಿದ ಹಿಂದಿನವರು ಎಂಥಾ ಕೆಲಸ ಮಾಡಿದ್ದಾರೆ! ಕಸುಬು ಉಳೀತು, ನಾನು ಬದುಕಿದೆ ಅಂದುಕೊಂಡಳು.

ಭಾನುವಾರದ ಆರಾಧನೆಗೆ ತಾಯಿ ಮಗ ಇಬ್ಬರೂ ಹೋದರು. ಸಭೆ ಎದ್ದು ಹಾಡಿತು. ಮುಂದಿನ ಸಾಲಿನಲ್ಲಿ ಹಿರಿಯರಾದ ಜ್ಞಾನಮಿತ್ರಯ್ಯನವರು. ಪಿಯಾನೋ ಕೆಲಸ ಯಾರಿಗೆ ಕೊಡಬೇಕು, ಯಾರನ್ನು ಬಿಡಿಸಬೇಕು ಅನ್ನುವವರು ಅವರೇ. ಅವರ ದನಿ ಮಾತ್ರ ಪಿಯಾನೋಗಿಂತ ಒಂದು ಚೂರು ಇಳಿದಿತ್ತು.

ಸತ್ಯಮಿತ್ರ ಕಿವಿಗೊಟ್ಟು ಕೇಳಿದ. ನೆಟ್ಟಗೆ ಅವರ ಹತ್ತಿರ ಹೋದ. ಅವರ ಬಲಗಿವಿ ಹಿಡಿದ. ತಿರುಪಿದ.

“ಆ… ಆ… ಆ!”

ಬಿಡಲಿಲ್ಲ. ಇನ್ನೂ ತಿರುಪಿದ. ಸ್ವರ ಏರಿತು.

ಕಸುಬು ಹೋಯಿತು ಅಂತ ಕರುಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆದರೆ ಕೇಳಿ ಪಳಗಿದ ಅವಳ ಕಿವಿಗೆ ಸುಳ್ಳು ಹೇಳಲು ಬರುತ್ತದೆಯೇ? ಜ್ಞಾನಮಿತ್ರಯ್ಯನವರ ದನಿ ಶ್ರುತಿಗೆ ಸರಿಯಾಗಿ ಕೂತದ್ದು ಅದೇ ಮೊದಲು.

“ಅಮ್ಮಾ,” ಅಂತ ಕೂಗಿದ ಸತ್ಯಮಿತ್ರ, “ಎಡಗಡೆದೂ ತಿರುಪಲಾ?”